ಕುಕ್ಕರ್ ಕೂಗ್ತಿಲ್ಲ, ಪಕ್ಕದಿಂದ ಆವಿ ಬಿಡ್ತಿದೆ, ಮುಚ್ಚಳ ಬಿಗಿ: ಬಳಸಬಹುದಾ?

ಅಡುಗೆಗೆ ಹೊಸಬ

ಎಲ್ಲರಿಗೂ ನಮಸ್ಕಾರ. ಹೆಂಡತಿಗೆ ಬೆಳಗಿನ ಪಾಳಿ ಶುರುವಾದ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ಹೆಚ್ಚೋದು, ಒಗ್ಗರಣೆ ಹಾಕೋದು, ಉಪ್ಪಿನ ಅಂದಾಜು ಇವೆಲ್ಲ ಹೆಂಗೋ ಕೈಗೆ ಹತ್ತಿದವು. ಕುಕ್ಕರ್ ಮಾತ್ರ ಹತ್ತಲಿಲ್ಲ. ಅದು ಬುಸ್ ಅನ್ನೋಕೆ ಶುರು ಮಾಡಿದ್ರೆ ನಾನು ಬಾಗಿಲ ಆಚೆ ನಿಂತು ಇಣುಕ್ತೀನಿ. ನಗಬೇಡಿ.

ನಮ್ಮದು ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್. ಮುಚ್ಚಳ ಹೊರಗಿನಿಂದ ತಿರುಗಿಸಿ ಕೂರಿಸೋ ಥರದ್ದು, ಎರಡು ಹಿಡಿ ಒಂದರ ಮೇಲೊಂದು ಬರಬೇಕು. ನಾವು ಕೊಂಡಿದ್ದಲ್ಲ, ದೊಡ್ಡಮ್ಮ ಮನೆ ಖಾಲಿ ಮಾಡುವಾಗ ನಮ್ಮ ಕಡೆ ಬಂದದ್ದು. ಜೊತೆಗೆ ಕಾಗದ ಪುಸ್ತಕ ಏನೂ ಇಲ್ಲ.

ತೊಂದರೆ ಹೀಗಿದೆ. ಬೇಳೆ ಇಟ್ಟರೆ ಮುಚ್ಚಳದ ಅಂಚಿಂದ, ಹಿಡಿ ಇರೋ ಕಡೆ, ಆವಿ ಬರ್ತಾನೇ ಇರುತ್ತೆ. ಎಷ್ಟು ಹೊತ್ತಾದ್ರೂ ಕೂಗಲ್ಲ. ಕೂಗಿದ ದಿನ ಆವಿ ಜೊತೆ ಹಳದಿ ನೀರು ಚಿಮ್ಮಿ ಗೋಡೆ ತುಂಬ ಬಳಿಯುತ್ತೆ. ಒಲೆ ಆರಿಸಿದ ಮೇಲೆ ಮುಚ್ಚಳ ಒಮ್ಮೊಮ್ಮೆ ಸುಲಭವಾಗಿ ತಿರುಗುತ್ತೆ, ಒಮ್ಮೊಮ್ಮೆ ಕಚ್ಚಿಕೊಂಡು ಕೂತಿರುತ್ತೆ. ಮೊನ್ನೆ ನಮ್ಮ ಭಾವ ಬಂದಿದ್ರು, ಅವರು ಹಿಡಿ ಸಂದಿಗೆ ಸೌಟು ಸಿಕ್ಕಿಸಿ ಎಳೆದ್ರು. ತೆರೆದುಕೊಳ್ತು, ಏನೂ ಆಗಲಿಲ್ಲ. ಆದರೆ ಎಳೀತಾ ಇದ್ದಾಗ ನನ್ನ ಜೀವ ಬಾಯಿಗೆ ಬಂದಿತ್ತು.

ಕೇಳಬೇಕಾದ್ದು ಇಷ್ಟು. ಪಕ್ಕದಿಂದ ಆವಿ ಬಂದ್ರೆ ಅಪಾಯಾನಾ? ಮುಚ್ಚಳ ತೆಗೆಯೋ ಹೊತ್ತು ಬಂತು ಅಂತ ಹೆಂಗೆ ಗೊತ್ತಾಗುತ್ತೆ? ಇನ್ನೊಂದು, ವೆಯ್ಟ್ ಕೂರೋ ನಳಿಗೆ ಬಿಟ್ಟು ಮುಚ್ಚಳದ ಮೇಲೆ ಒಂದು ಸಣ್ಣ ತಿರುಪು ಥರದ್ದು ಇದೆ. ಅದು ಯಾತಕ್ಕೆ?

ಮನೆಮದ್ದು

ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಗ್ಯಾಸ್ಕೆಟ್, ಅಂದ್ರೆ ಮುಚ್ಚಳದ ಅಂಚಿನ ರಬ್ಬರ್ ಬಳೆ, ಸಡಿಲ ಆಗಿದೆ ಅಷ್ಟೆ. ಹತ್ತು ನಿಮಿಷ ಫ್ರೀಜರಿನಲ್ಲಿಟ್ಟು ಹಾಕಿ, ಬಿಗಿಯಾಗುತ್ತೆ. ಅದಕ್ಕೂ ಬಗ್ಗದಿದ್ರೆ ಅಂಚಿಗೆ ಸ್ವಲ್ಪ ಕಲಸಿದ ಹಿಟ್ಟು ಮೆತ್ತಿ. ಮುಚ್ಚಳ ಬೇಗ ತೆಗೀಬೇಕಂದ್ರೆ ಚಮಚದಿಂದ ವೆಯ್ಟ್ ಎತ್ತಿ ಆವಿ ಬಿಟ್ರೆ ಆಯ್ತು. ನಾವೆಲ್ಲ ಹಿಂಗೇ ಮಾಡ್ಕೊಂಡು ಬಂದಿರೋದು.

ರಿಪೇರಿ ಮಾಮ

ಹೊಸಬರೇ, ಮೊದಲು ಒಂದು ಕೆಲಸ ಮಾಡಿ. ಈ ಉತ್ತರ ಪೂರ್ತಿ ಓದೋ ತನಕ ಆ ಕುಕ್ಕರ್ ಒಲೆ ಮೇಲಿಡಬೇಡಿ. ನೀವು ಕೊನೇಲಿ ಕೇಳಿದ್ರಲ್ಲ, ತಿರುಪು, ನನ್ನ ಕಣ್ಣು ಅದರ ಮೇಲೇ ಇದೆ.

ನಾನು ಬಹಳ ವರ್ಷ ಕುಕ್ಕರ್, ಸ್ಟೌ ರಿಪೇರಿ ಮಾಡ್ಕೊಂಡು ಬದುಕಿದವನು. ಈಗ ಕಣ್ಣು ಸರಿಯಿಲ್ಲ, ಬಿಟ್ಟಿದೀನಿ. ನನ್ನ ಮುಂದೆ ಬಂದ ಒಡೆದ ಕುಕ್ಕರುಗಳಲ್ಲಿ ತಾನಾಗೇ ಒಡೆದದ್ದು ಅಂತ ಒಂದನ್ನೂ ಕಂಡಿಲ್ಲ. ಕುಕ್ಕರಿಗೆ ಆವಿ ಹೊರಗೆ ಹೋಗೋಕೆ ಒಂದಲ್ಲ, ಎರಡು ಮೂರು ದಾರಿ ಮಾಡಿಟ್ಟಿರ್ತಾರೆ. ಮನೆಯವರು ಒಂದೊಂದಾಗಿ ಅವನ್ನ ಮುಚ್ಚುತ್ತಾ ಬರ್ತಾರೆ. ಒಂದು ಕೊಳೆ ಕೂತು ಮುಚ್ಚಿರುತ್ತೆ, ಇನ್ನೊಂದನ್ನ ಬುದ್ಧಿವಂತಿಕೆ ಮಾಡಿ ಮುಚ್ಚಿರ್ತಾರೆ.

ಮೊದಲನೇ ದಾರಿ ವೆಯ್ಟ್ ಕೂರೋ ನಳಿಗೆ. ಒತ್ತಡ ಬೇಕಾದಷ್ಟು ಬಂದ ಮೇಲೆ ವೆಯ್ಟ್ ಎದ್ದು ಮಿಕ್ಕ ಆವಿ ಬಿಡುತ್ತೆ, ಅದೇ ಕೂಗು. ಹಾಗಾಗಿ ಕೂಗಿದಾಗ ನೀವು ಬಾಗಿಲ ಆಚೆ ಓಡಬೇಕಾಗಿಲ್ಲ. ಚೆನ್ನಾಗಿ ಉರಿ ಇದ್ದು, ಒಳಗೆ ನೀರಿದ್ದು, ಪಕ್ಕದಿಂದಲೂ ಆವಿ ಹೋಗದೆ, ಸುಮ್ಮನೆ ಕೂತಿರುತ್ತಲ್ಲ, ಆಗ ಹೆದರಬೇಕು. ಹಂಗಾದ್ರೆ ತಕ್ಷಣ ಒಲೆ ಆರಿಸಿ. ಕುಕ್ಕರ್ ಮುಟ್ಟಬೇಡಿ, ಎತ್ತಬೇಡಿ, ವೆಯ್ಟ್ ಕೆದಕಬೇಡಿ. ಪೂರ್ತಿ ತಣ್ಣಗಾಗಲಿ.

ಆ ನಳಿಗೆಯ ಕಿಂಡಿ ಎಷ್ಟು ಚಿಕ್ಕದು ನೋಡಿದೀರಾ? ಒಂದು ಬೇಳೆ ಸಿಪ್ಪೆ ಸಾಕು ಮುಚ್ಚೋಕೆ. ಪ್ರತಿ ಸಲ ಮುಚ್ಚಳ ಹಾಕೋ ಮುಂಚೆ ಬೆಳಕಿಗೆ ಹಿಡಿದು ಕಿಂಡಿಯಲ್ಲಿ ನೋಡಿ. ಬೆಳಕು ದುಂಡಗೆ ಕಾಣಬೇಕು. ಅರ್ಧಚಂದ್ರ ಕಂಡ್ರೆ ಒಳಗೆ ಗಟ್ಟಿ ಕೂತಿದೆ ಅಂತ ಅರ್ಥ. ತೆಳು ತಂತಿ ಹಾಕಿ ಆಡಿಸಿ, ನಲ್ಲಿ ಕೆಳಗೆ ಹಿಡಿದು ತೊಳೀರಿ. ವೆಯ್ಟಿನ ಒಳಗಡೇನೂ ತೊಳೀಬೇಕು, ಅಲ್ಲೂ ಗಂಜಿ ಒಣಗಿ ಕೂತಿರುತ್ತೆ, ಯಾರೂ ನೋಡಲ್ಲ.

ವೆಯ್ಟನ್ನ ಮೊದಲೇ ಹಾಕಿಡಬೇಡಿ. ಉರಿ ಹಚ್ಚಿ, ನಳಿಗೆಯಿಂದ ಆವಿ ಕಡ್ಡಿಯ ಹಾಗೆ ನೇರವಾಗಿ ಬರೋಕೆ ಶುರುವಾದ ಮೇಲೆ ಹಾಕಿ. ಒಳಗಿನ ಗಾಳಿ ಹೋಗುತ್ತೆ, ಕಿಂಡಿ ತೆರೆದಿದೆ ಅನ್ನೋದು ಕಣ್ಣಿಗೇ ಕಾಣುತ್ತೆ. ವೆಯ್ಟ್ ಮುಚ್ಚಳಕ್ಕೇ ಅಂಟಿಕೊಂಡಿರೋ ಕುಕ್ಕರುಗಳು, ಕೂಗೋ ಬದಲು ಕಡ್ಡಿ ಮೇಲೇಳೋ ಕುಕ್ಕರುಗಳು ಇವೆ, ಅವಕ್ಕೆ ಅವುಗಳ ಪುಸ್ತಕದಲ್ಲಿ ಹೇಳಿದ ಹಾಗೆ.

ಎರಡನೇ ದಾರಿ ಸೇಫ್ಟಿ ವಾಲ್ವ್. ನಿಮ್ಮ ತಿರುಪು ಅದೇ ಜಾಗದಲ್ಲಿದೆ. ನಿಮ್ಮ ಥರದ ಕುಕ್ಕರಿನಲ್ಲಿ ಆ ವಾಲ್ವಿನ ನಡುವೆ ಒಂದು ಕಿಂಡಿ ಇದ್ದು, ಅದಕ್ಕೆ ಬೇಗ ಕರಗೋ ಬೂದು ಬಣ್ಣದ ಲೋಹ ತುಂಬಿರ್ತಾರೆ. ನೀರು ಬತ್ತಿ ಬಿಸಿ ಏರಿದ್ರೂ ಅದು ಕರಗುತ್ತೆ, ನಳಿಗೆ ಕಟ್ಟಿಕೊಂಡು ಒತ್ತಡ ಏರಿದ್ರೂ ಕರಗುತ್ತೆ, ಯಾಕಂದ್ರೆ ಒತ್ತಡ ಏರಿದ ಹಾಗೆ ಆವಿಯ ಬಿಸಿನೂ ಏರುತ್ತೆ. ಕರಗಿ ಆವಿಯೆಲ್ಲ ಹೊರಗೆ ಹೋಗುತ್ತೆ, ಅಡುಗೆಮನೆ ಹೊಲಸಾಗುತ್ತೆ, ಕುಕ್ಕರ್ ಉಳಿಯುತ್ತೆ. ಒಂದು ಸಲ ಹೋದ ವಾಲ್ವನ್ನ ಬದಲಾಯಿಸಲೇಬೇಕು, ಮತ್ತೆ ತುಂಬಿಸೋಕಾಗಲ್ಲ.

ಇಲ್ಲೇ ಜನ ಆಟ ಆಡೋದು. ವಾಲ್ವ್ ಹೋಯ್ತು, ಅಂಗಡೀಲಿ ಆ ಅಳತೆ ಸಿಗಲಿಲ್ಲ, ಒಂದು ಬೋಲ್ಟ್ ಹಾಕಿ ವಾಷರ್ ಬಿಗಿದುಬಿಡ್ತಾರೆ. ಅಂಟು ಮೆತ್ತಿದವರಿದಾರೆ. ತಗಡು ಬೆಸುಗೆ ಹಾಕಿಸಿಕೊಂಡು ಬಂದು ನನ್ನ ಹತ್ರ ಗ್ಯಾಸ್ಕೆಟ್ ಮಾತ್ರ ಬದಲಾಯಿಸಿ ಕೊಡಿ ಅಂದವರಿದಾರೆ. ಅಂಥವನ್ನ ನಾನು ಗ್ಯಾಸ್ಕೆಟ್ ಹಾಕದೇ ವಾಪಸ್ ಕೊಟ್ಟಿದೀನಿ, ಬೈಸಿಕೊಂಡಿದೀನಿ. ನೀವು ಈಗ ಮುಚ್ಚಳ ತಿರುಗಿಸಿ ಕೆಳಗಿನಿಂದ ನೋಡಿ. ಬೂದು ಬಣ್ಣದ ಬೊಟ್ಟು ಕಾಣುತ್ತಾ, ಬೋಲ್ಟಿನ ತುದಿ ಕಾಣುತ್ತಾ? ಬಂದು ಹೇಳಿ.

ಮೂರನೆಯದು ಎಲ್ಲ ಕುಕ್ಕರಲ್ಲೂ ಇರಲ್ಲ. ಮುಚ್ಚಳದ ಅಂಚಲ್ಲಿ ಒಂದು ಉದ್ದ ಸಂದಿ ಕೊರೆದಿರ್ತಾರೆ. ಒತ್ತಡ ಮಿತಿ ಮೀರಿದ್ರೆ ಗ್ಯಾಸ್ಕೆಟ್ ಆ ಸಂದಿಯಿಂದ ಆಚೆ ಉಬ್ಬಿ ಆವಿ ಬಿಡುತ್ತೆ. ಈಗ ಮನೆಮದ್ದು ಅವರ ಹಿಟ್ಟಿನ ವಿಷಯಕ್ಕೆ ಬನ್ನಿ. ಅಂಚಿಗೆ ಹಿಟ್ಟು ಮೆತ್ತಿದ್ರೆ ಏನು ಮುಚ್ಚಿದ ಹಾಗಾಯ್ತು? ಎರಡು ಗ್ಯಾಸ್ಕೆಟ್ ಒಟ್ಟಿಗೆ ಹಾಕೋದು, ಗ್ಯಾಸ್ಕೆಟ್ ಕೆಳಗೆ ದಾರ ಸುತ್ತೋದು, ಇವೂ ಅದೇ ಜಾತಿ. ಫ್ರೀಜರ್ ವಿದ್ಯೆಯಿಂದ ಯಾರೂ ಸಾಯಲ್ಲ, ಆದ್ರೆ ಒಲೆ ಮೇಲೆ ಬಿಸಿಯಾದ ಗಳಿಗೆಗೆ ರಬ್ಬರ್ ಮತ್ತೆ ಮೊದಲಿನ ಹಾಗೇ ಆಗುತ್ತೆ. ಹೊಸ ಗ್ಯಾಸ್ಕೆಟ್ ಹಾಕೋದು ಬಿಟ್ಟು ಅದನ್ನೇ ದಿನಾ ಯಾಕೆ ಮಾಡಬೇಕು?

ನಿಮ್ಮ ಪಕ್ಕದ ಆವಿಗೆ ಉತ್ತರ: ಶುರುವಲ್ಲಿ ಎರಡು ಮೂರು ನಿಮಿಷ ಅಂಚಿಂದ ಸ್ವಲ್ಪ ಆವಿ, ಒಂದೆರಡು ಹನಿ ನೀರು ಬರೋದು ಸಹಜ. ಒತ್ತಡ ಏರಿದ ಮೇಲೆ ಗ್ಯಾಸ್ಕೆಟ್ ಅಂಚಿಗೆ ಅಂಟಿ ನಿಲ್ಲಬೇಕು. ನಿಲ್ಲದಿದ್ರೆ ಗ್ಯಾಸ್ಕೆಟ್ ಗಟ್ಟಿಯಾಗಿರುತ್ತೆ, ಬೆರಳಲ್ಲಿ ಮಡಿಸಿ ನೋಡಿದ್ರೆ ಬಿರುಕು ಕಾಣುತ್ತೆ. ಇಲ್ಲಾಂದ್ರೆ ಪಾತ್ರೆಯ ಅಂಚು ಎಲ್ಲೋ ಬಿದ್ದು ತಗ್ಗಾಗಿರುತ್ತೆ. ಹಿಡಿ ಕಡೆಯಿಂದಲೇ ಬರ್ತಿದೆ ಅಂದ್ರೆ ಹಿಡಿಯ ಸ್ಕ್ರೂ ಸಡಿಲ ಇದ್ದು ಮುಚ್ಚಳ ಪೂರ್ತಿ ತಿರುಗದೇ ಇರೋದೂ ಉಂಟು. ಅಪಾಯಾನಾ ಅಂದ್ರೆ, ಪಕ್ಕದಿಂದ ಆವಿ ಹೋದ ಮಾತ್ರಕ್ಕೆ ಕುಕ್ಕರ್ ಒಡೆಯಲ್ಲ. ಆದ್ರೆ ಕೂಗಲ್ಲ ಕೂಗಲ್ಲ ಅಂತ ಕಾಯ್ತಾ ಕೂತ್ರೆ ನೀರೆಲ್ಲ ಆವಿಯಾಗಿ ತಳ ಸೀದು, ಗ್ಯಾಸ್ಕೆಟ್ ಸುಟ್ಟು, ವಾಲ್ವ್ ಕರಗುತ್ತೆ. ನಿಮ್ಮ ದೊಡ್ಡಮ್ಮನ ಮನೇಲೂ ಹೀಗೇ ಆಗಿ ವಾಲ್ವ್ ಹೋಗಿತ್ತೇನೋ ಅಂತ ನನ್ನ ಗುಮಾನಿ.

ನೀರಿಲ್ಲದೆ ಕಾದ ಕುಕ್ಕರಿಗೆ ತಣ್ಣೀರು ಸುರಿಯಬೇಡಿ. ಆರಿಸಿ, ದೂರ ನಿಲ್ಲಿ.

ಹಳದಿ ನೀರು ಚಿಮ್ಮೋದು ತುಂಬಿದ್ದು ಜಾಸ್ತಿ ಆಗಿರೋದಕ್ಕೆ. ಯಾವ ಅಡುಗೆಗೂ ಕುಕ್ಕರಿನ ಮೂರನೇ ಎರಡು ಭಾಗ ದಾಟಬಾರದು, ನೀರೂ ಸೇರಿ. ಬೇಳೆ, ಕಾಳು, ಅಕ್ಕಿ ನೊರೆ ಉಕ್ಕಿ ಉಬ್ಬೋವು, ಅವಕ್ಕೆ ಅರ್ಧವೇ ಗಡಿ. ಬೇಳೆ ಚೆನ್ನಾಗಿ ತೊಳೀರಿ, ಒಂದು ಚಮಚ ಎಣ್ಣೆ ಬಿಡಿ, ನೊರೆ ಕಮ್ಮಿಯಾಗುತ್ತೆ. ವೆಯ್ಟ್ ಒಂದು ಸಲ ಎದ್ದ ಮೇಲೆ ಉರಿ ಸಣ್ಣ ಮಾಡಿ. ಗೋಡೆ ಹೊಲಸಾಗೋದು ದೊಡ್ಡದಲ್ಲ, ಆ ನೊರೆಯೇ ನಳಿಗೆಯಲ್ಲಿ ಒಣಗಿ ಕಿಂಡಿ ಮುಚ್ಚೋದು.

ಎಣ್ಣೆಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡ್ತೀನಿ. ಮುಚ್ಚಳ ಹಾಕಿ ಎಣ್ಣೆಯಲ್ಲಿ ಕರಿಯೋಕೆ ಕುಕ್ಕರ್ ಬಳಸಬೇಡಿ. ಮುಚ್ಚಳ ಇಲ್ಲದೆ ಹುರಿದುಕೊಳ್ಳಿ, ಒಗ್ಗರಣೆ ಹಾಕಿಕೊಳ್ಳಿ, ಆಮೇಲೆ ನೀರು ಹಾಕಿ ಮುಚ್ಚಿ. ಕುಕ್ಕರಿನಲ್ಲಿ ನೀರಿನ ಬಿಸಿ 120 ಡಿಗ್ರಿ ಆಸುಪಾಸಲ್ಲಿ ನಿಲ್ಲುತ್ತೆ, ಎಣ್ಣೆಗೆ ಆ ಲೆಕ್ಕ ಇಲ್ಲ, ಅದು ಏರ್ತಾನೇ ಹೋಗುತ್ತೆ, ಗ್ಯಾಸ್ಕೆಟ್ ತಡೆಯಲ್ಲ.

ಕೈ ನೋಯ್ತಾ ಇದೆ. ಮುಚ್ಚಳ ತೆಗೆಯೋದರ ಬಗ್ಗೆ ಆಮೇಲೆ ಬರೀತೀನಿ, ಅದೇ ಮುಖ್ಯ. ನಿಮ್ಮ ಭಾವನವರ ಕೈಗೆ ಸೌಟು ಕೊಡಬೇಡಿ.

ಚಾಕ್‌ಪೀಸು

ರಿಪೇರಿ ಮಾಮನವರು ಹೇಳಿದ್ದಕ್ಕೆ ಕೆಲವು ಅಂಕಿ ಸೇರಿಸುತ್ತೇನೆ. ಪಾಠ ಮಾಡಿ ರೂಢಿಯಾಗಿರುವುದರಿಂದ ಉದ್ದವಾದರೆ ಕ್ಷಮಿಸಿ.

ಮನೆಯ ಕುಕ್ಕರುಗಳು ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುತ್ತವೆ. ಆ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಬೇಗ ಬೇಯುವ ಗುಟ್ಟು ಅಷ್ಟೇ.

ಈಗ ಮುಚ್ಚಳ ನೋಡಿ. ಅದರ ಅಡ್ಡಳತೆ 20 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ 314 ಚದರ ಸೆಂಟಿಮೀಟರ್. ಅಂದರೆ ಒಳಗಿನ ಆವಿ ಆ ಮುಚ್ಚಳವನ್ನು ಮುನ್ನೂರು ಕೆಜಿಗೂ ಮೀರಿದ ಬಲದಲ್ಲಿ ಮೇಲಕ್ಕೆ ತಳ್ಳುತ್ತಿರುತ್ತದೆ. ಒತ್ತಡ ಬಹುಪಾಲು ಇಳಿದು ಹತ್ತನೇ ಒಂದು ಭಾಗವಷ್ಟೇ ಉಳಿದಿದೆ ಎಂದರೂ ಮೂವತ್ತು ಕೆಜಿ. ಸೌಟು ಸಿಕ್ಕಿಸಿ ಎಳೆಯುವವರು ಎದುರಿಸುತ್ತಿರುವುದು ಈ ಬಲವನ್ನು. ಅವರು ಗೆದ್ದರೆ ಅದೇ ಅಪಾಯ.

ಬಲ ಒಂದೇ ಅಲ್ಲ. 120 ಡಿಗ್ರಿಯಲ್ಲಿರುವ ನೀರಿನ ಮೇಲಿನ ಒತ್ತಡವನ್ನು ಥಟ್ಟನೆ ತೆಗೆದರೆ ಅದು 100ಕ್ಕೆ ಇಳಿಯಲೇಬೇಕು, ಹೆಚ್ಚುವರಿ ಶಾಖ ಆವಿಯಾಗಿ ಹೊರಬರುತ್ತದೆ. ಲೆಕ್ಕ ಹಾಕಿದರೆ ನೀರಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಪಾಲು. ಒಳಗೆ ಎರಡು ಲೀಟರ್ ಇದ್ದರೆ 80 ಗ್ರಾಂ ನೀರು ಕ್ಷಣದಲ್ಲಿ 130 ಲೀಟರಿನಷ್ಟು ಆವಿಯಾಗುತ್ತದೆ. ಆ ಆವಿ ಹುಟ್ಟುವುದು ಬೇಳೆಯ ಮೇಲಲ್ಲ, ಬೇಳೆಯ ಒಳಗೆ ಎಲ್ಲೆಡೆ. ಆದ್ದರಿಂದಲೇ ಒಳಗಿದ್ದದ್ದು ಅಷ್ಟೂ ಎದ್ದು ಸೂರಿಗೆ ಹೊಡೆಯುತ್ತದೆ.

ಇನ್ನೊಂದು ವಿಷಯ ಯಾರೂ ಪ್ರಸ್ತಾಪಿಸಲಿಲ್ಲ. ಒಂದು ಕುಕ್ಕರಿನ ವೆಯ್ಟನ್ನು ಇನ್ನೊಂದಕ್ಕೆ ಹಾಕಬೇಡಿ. ನಳಿಗೆಯ ಕಿಂಡಿ 3 ಮಿಲಿಮೀಟರ್ ಇದ್ದರೆ ಈ ಒತ್ತಡಕ್ಕೆ ಬೇಕಾದ ವೆಯ್ಟ್ ಸುಮಾರು 70 ಗ್ರಾಂ. ಅದೇ ವೆಯ್ಟನ್ನು 2 ಮಿಲಿಮೀಟರ್ ಕಿಂಡಿಯ ಮೇಲೆ ಇಟ್ಟರೆ ಅದು ಮೇಲೇಳಲು ಎರಡು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ನೋಡುವುದಕ್ಕೆ ಎರಡೂ ಒಂದೇ ಥರ ಇರುತ್ತವೆ, ಕೂರುವುದೂ ಸರಿಯಾಗಿಯೇ ಕೂರುತ್ತದೆ. ಹಳೆಯ ಮನೆಗಳಿಂದ ಬಂದ ಕುಕ್ಕರುಗಳಲ್ಲಿ ವೆಯ್ಟ್ ಅದರದ್ದೇ ಹೌದೋ ಅಲ್ಲವೋ ನೋಡಿಕೊಳ್ಳಬೇಕು.

ಡೆನಿಸ್ ಪಾಪಿನ್ ಎಂಬಾತ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಮೂಳೆಯನ್ನೂ ಮೆತ್ತಗಾಗಿಸುವ ಆವಿಯ ಪಾತ್ರೆಯನ್ನು ತೋರಿಸಿದ. ಪಾತ್ರೆ ಒಡೆಯದಿರಲೆಂದು ತೂಕ ಹೇರಿದ ವಾಲ್ವನ್ನೂ ಅವನೇ ಸೇರಿಸಿದ. ನಿಮ್ಮ ಮುಚ್ಚಳದ ಮೇಲೆ ಕುಣಿಯುವ ವೆಯ್ಟಿನ ವಂಶ ಅಲ್ಲಿಂದ ಬಂದದ್ದು.

ಕೂಗಿನ ಲೆಕ್ಕದ ಬಗ್ಗೆ ನನಗೊಂದು ತಕರಾರಿದೆ. ಮೂರು ಕೂಗು, ಐದು ಕೂಗು ಎನ್ನುವುದು ಅಳತೆಯೇ ಅಲ್ಲ. ಉರಿ ದೊಡ್ಡದಿದ್ದರೆ ಕೂಗು ಬೇಗ ಬೇಗ, ಸಣ್ಣದಿದ್ದರೆ ನಿಧಾನ, ಒಳಗಿನ ಬಿಸಿ ಎರಡರಲ್ಲೂ ಒಂದೇ. ಮೊದಲ ಕೂಗು ಬಂದ ಮೇಲೆ ಉರಿ ಇಳಿಸಿ ಗಡಿಯಾರ ನೋಡಿ. ನೀರು ಬತ್ತುವ ಭಯವೂ ಕಡಿಮೆ.

ಮನೆಮದ್ದು

ಕೂಗು ಎಣಿಸಬೇಡಿ ಅಂದ್ರೆ ನಮ್ಮನೇಲಿ ಯಾರೂ ಒಪ್ಪಲ್ಲ ಸರ್ 😀 ಹಿಟ್ಟಿನ ವಿಷಯ ವಾಪಸ್ ತಗೊಂಡೆ. ಆದರೆ ವೆಯ್ಟ್ ಎತ್ತಿ ಆವಿ ಬಿಡೋದರಲ್ಲಿ ತಪ್ಪೇನು?

ರಾತ್ರಿ ಪಾಳಿ

ಸುಟ್ಟ ಗಾಯದ ವಾರ್ಡಿನಲ್ಲಿ ಕೆಲಸ ಮಾಡ್ತೀನಿ, ಅಲ್ಲಿಂದ ಎರಡು ಮಾತು. ಕುಕ್ಕರಿಂದ ಸುಟ್ಟುಕೊಂಡು ಬರೋರಲ್ಲಿ ನಾನು ನೋಡಿದವರು ಹೆಚ್ಚಾಗಿ ಮುಚ್ಚಳ ಬೇಗ ತೆಗೆದವರೇ. ಮುಖ, ಕುತ್ತಿಗೆ, ಎದೆ, ಮುಂಗೈ. ಬಿಸಿನೀರಿಗಿಂತ ಬೇಳೆ, ಗಂಜಿ ಕೆಟ್ಟದ್ದು, ಜಾರಿ ಹೋಗಲ್ಲ, ಅಂಟಿಕೊಂಡು ಸುಡ್ತಾನೇ ಇರುತ್ತೆ.

ಹಾಗೇನಾದ್ರೂ ಆದ್ರೆ ತಕ್ಷಣ ನಲ್ಲಿ ಕೆಳಗೆ ಹಿಡೀರಿ. ಇಪ್ಪತ್ತು ನಿಮಿಷ, ಹರಿಯೋ ಮಾಮೂಲಿ ತಣ್ಣೀರು. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಅರಿಶಿನ ಯಾವುದೂ ಬೇಡ, ಅವನ್ನ ತೊಳೆದು ತೆಗೆಯೋವಾಗ ನೋವು ಎರಡರಷ್ಟಾಗುತ್ತೆ. ಬಟ್ಟೆ ಚರ್ಮಕ್ಕೆ ಅಂಟಿಲ್ಲಾಂದ್ರೆ ಬಿಚ್ಚಿ, ಬಳೆ ಉಂಗುರ ಊತ ಬರೋ ಮುಂಚೆ ತೆಗೀರಿ. ಅಂಟಿದ ಬಟ್ಟೆ ಕೀಳಬೇಡಿ. ಬೊಬ್ಬೆ ಒಡೀಬೇಡಿ. ಮುಖ, ಕಣ್ಣು, ಕೈ ಸುಟ್ಟಿದ್ರೆ, ಅಥವಾ ಮಗುವಿಗೆ ಆಗಿದ್ರೆ, ಚಿಕ್ಕದು ದೊಡ್ಡದು ಅಂತ ನೋಡದೆ ಆಸ್ಪತ್ರೆಗೆ ಬನ್ನಿ.

ಕುಕ್ಕರನ್ನ ಒಲೆಯ ಹಿಂದಿನ ಬರ್ನರ್ ಮೇಲಿಟ್ಟು ಹಿಡಿಯನ್ನ ಒಳಗೆ ತಿರುಗಿಸಿಡಿ. ಎತ್ತಿ ಇಳಿಸೋವಾಗ ಕಾಲ ಬಳಿ ಮಕ್ಕಳು ಬೇಡ. ಡ್ಯೂಟಿಗೆ ಹೊತ್ತಾಯ್ತು.

ರಿಪೇರಿ ಮಾಮ

ಆ ತಾಯಿ ಹೇಳಿದ್ದನ್ನ ಎಲ್ಲರೂ ಎರಡು ಸಲ ಓದಿ.

ಈಗ ಮುಚ್ಚಳ. ಕೆಲವು ಕುಕ್ಕರಿನ ಮುಚ್ಚಳ ಬಾಯಿಯ ಒಳಗಡೆ ಓರೆಯಾಗಿ ತೂರಿ ಕೂರುತ್ತೆ. ಒತ್ತಡ ಇದ್ದಷ್ಟೂ ಅದು ಮೇಲಕ್ಕೆ ಒತ್ತಿಕೊಂಡೇ ಇರುತ್ತೆ, ಮುಚ್ಚಳ ಕೆಳಗೆ ಇಳಿಯದೆ ತೆಗೆಯೋಕಾಗಲ್ಲ. ಭೀಮ ಬಂದ್ರೂ ಆಗಲ್ಲ. ನಿಮ್ಮದು ಹೊರಮುಚ್ಚಳ, ಅಂಚಿನ ಹಲ್ಲುಗಳು ಹಿಡಿದಿಟ್ಟಿರ್ತವೆ. ಅಲ್ಲಿ ಬಲ ಹಾಕಿದ್ರೆ ತಿರುಗೋ ಸಾಧ್ಯತೆ ಇದೆ. ಹೊಸ ಮಾದರಿಗಳಲ್ಲಿ ಒತ್ತಡ ಇರೋ ತನಕ ಹಿಡಿಯನ್ನೇ ಕಟ್ಟಿಹಾಕೋ ಬೀಗ ಇರುತ್ತೆ. ನಿಮ್ಮ ಹಳೇದರಲ್ಲಿ ಇರಲಿಕ್ಕಿಲ್ಲ.

ಹಾಗಾಗಿ ನೀವು ಕಾಯಬೇಕು. ಒಲೆ ಆರಿಸಿ ಹಾಗೇ ಬಿಡಿ. ಹತ್ತು ಹದಿನೈದು ನಿಮಿಷ ಆದ ಮೇಲೆ ಉದ್ದ ಸೌಟಿನ ಹಿಡಿಯಿಂದ, ಮುಖ ದೂರ ಇಟ್ಟು, ವೆಯ್ಟನ್ನ ಕೂದಲೆಳೆಯಷ್ಟು ಎತ್ತಿ. ಸುಯ್ ಅಂತ ಆವಿ ಬಂತು ಅಂದ್ರೆ ಬಿಟ್ಟುಬಿಡಿ, ಇನ್ನೂ ಕಾಯಿರಿ.

ಮನೆಮದ್ದು ಅವರೇ, ಬೇಯುತ್ತಿರೋ ಬಿಸಿಯಲ್ಲೇ ವೆಯ್ಟ್ ಎತ್ತಿದ್ರೆ ಒಳಗಿನ ಬೇಳೆ ಒಮ್ಮೆಲೇ ಕುದಿದು ನೊರೆ ನಳಿಗೆಗೆ ನುಗ್ಗುತ್ತೆ, ಚಾಕ್‌ಪೀಸು ಸರ್ ಹೇಳಿದ್ದೇ. ಕೈ ಸುಡುತ್ತೆ. ಸುಡದಿದ್ರೂ ನಳಿಗೆ ಕಟ್ಟುತ್ತೆ. ಬರೀ ತರಕಾರಿ, ನೀರು ಇದ್ದಾಗ ಸ್ವಲ್ಪ ಸ್ವಲ್ಪವಾಗಿ ಬಿಡೋದು ನಡೆಯುತ್ತೆ, ಬೇಳೆ ಕಾಳಿಗೆ ಬೇಡ.

ಇನ್ನು ಒಂದು ಮಾತು, ತುಂಬ ಜನಕ್ಕೆ ಹೊಳೆಯದ್ದು. ವೆಯ್ಟ್ ಎತ್ತಿದ್ರಿ, ಆವಿ ಬರಲಿಲ್ಲ. ಒತ್ತಡ ಇಲ್ಲ ಅಂತ ತೀರ್ಮಾನ ಮಾಡಬೇಡಿ! ನಳಿಗೆ ಕಟ್ಟಿದ್ರೂ ಆವಿ ಬರಲ್ಲ. ಆವಿ ಬರಲ್ಲ, ಮುಚ್ಚಳವೂ ತಿರುಗಲ್ಲ ಅಂದ್ರೆ ಒಳಗೆ ಪೂರಾ ಒತ್ತಡ ಇದೆ ಅಂತಲೇ ಎಣಿಸಿ ನಡ್ಕೊಳ್ಳಿ. ಪಾತ್ರೆಯ ಹೊರಮೈ ಕೈ ಇಡೋಷ್ಟು ತಣ್ಣಗಾಗೋ ತನಕ ಹತ್ತಿರ ಹೋಗಬೇಡಿ. ಒಳಗಿನ ಆವಿ ನೀರಾದ್ರೆ ಒತ್ತಡ ತಾನಾಗಿ ಹೋಗುತ್ತೆ, ಅದಕ್ಕೆ ನಳಿಗೆಯ ಹಂಗಿಲ್ಲ.

ಇದಕ್ಕೆ ತಿರುಗಾಮುರುಗಾ ಆಗೋದೂ ಇದೆ. ವೆಯ್ಟ್ ಇಟ್ಟೇ ಪೂರ್ತಿ ತಣ್ಣಗಾಗಿಸಿದ್ರೆ ಒಳಗಿನ ಆವಿ ನೀರಾಗಿ, ಗಾಳಿ ಇಲ್ಲದೆ, ಮುಚ್ಚಳ ಒಳಕ್ಕೆ ಎಳೆದು ಕಚ್ಚಿಕೊಳ್ಳುತ್ತೆ. ಆಗ ವೆಯ್ಟ್ ಎತ್ತಿದ್ರೆ ಒಳಗೆ ಹೀರಿಕೊಳ್ಳೋ ಸದ್ದು ಬರುತ್ತೆ, ಮುಚ್ಚಳ ಸಲೀಸಾಗಿ ತಿರುಗುತ್ತೆ. ನಿಮ್ಮದು ಒಮ್ಮೊಮ್ಮೆ ಕಚ್ಚಿಕೊಳ್ಳೋದು ಇದೇ ಇರಬಹುದು. ಭಾವನವರು ಎಳೆದ ದಿನವೂ ಇದೇ ಆಗಿದ್ರೆ ಅವರ ಪುಣ್ಯ.

ಅರ್ಜೆಂಟಾಗಿದ್ರೆ ಸಿಂಕಿನಲ್ಲಿಟ್ಟು ಪಾತ್ರೆಯ ಮೈ ಮೇಲೆ, ಮುಚ್ಚಳದ ಅಂಚಿನ ಮೇಲೆ ತಣ್ಣೀರು ಬಿಡಬಹುದು. ನಳಿಗೆ, ವಾಲ್ವ್ ಮೇಲೆ ಬೀಳಬಾರದು. ಇದು ಎಲ್ಲ ಸರಿ ಇರೋ ಕುಕ್ಕರಿಗೆ ಮಾತ್ರ. ನಳಿಗೆ ಕಟ್ಟಿದೆ ಅಂತ ಗುಮಾನಿ ಇರೋದನ್ನ ಎತ್ತಿಕೊಂಡು ಸಿಂಕಿಗೆ ನಡೀಬೇಡಿ.

ತೆಗೆಯೋ ಮುಂಚೆ ಕುಕ್ಕರನ್ನ ಒಲೆ ಮೇಲೇ ಒಂದು ಸಲ ಮೆಲ್ಲಗೆ ಅಲ್ಲಾಡಿಸಿ. ಗಟ್ಟಿ ಬೇಳೆಯೊಳಗೆ ಸಿಕ್ಕಿಕೊಂಡಿರೋ ಆವಿ ಗುಳ್ಳೆ ಒಡೆದು ಹೋಗುತ್ತೆ, ಮುಚ್ಚಳ ತೆಗೆದ ಮೇಲೆ ಮುಖಕ್ಕೆ ಎಗರಲ್ಲ. ಮುಚ್ಚಳ ಎತ್ತೋವಾಗ ನಿಮ್ಮಿಂದ ಆಚೆಯ ಅಂಚು ಮೊದಲು ಏಳಲಿ.

ಹೊಸಬರೇ, ತಿರುಪು ಏನಾಯ್ತು?

ಅಡುಗೆಗೆ ಹೊಸಬ

ಮಾಮ, ನೋಡಿದೆ. ಬೋಲ್ಟೇ. ಕೆಳಗಡೆ ನಟ್ ಹಾಕಿ ಬಿಗಿದಿದಾರೆ, ಮೇಲೆ ಎರಡು ವಾಷರ್, ಸುತ್ತ ಒಣಗಿದ ಕಂದು ಬಣ್ಣದ ಅಂಟು. ಬೂದು ಲೋಹ ಎಲ್ಲೂ ಇಲ್ಲ. ಮುಚ್ಚಳದ ಅಂಚಲ್ಲಿ ನೀವು ಹೇಳಿದ ಉದ್ದ ಸಂದಿನೂ ಇಲ್ಲ.

ನಳಿಗೆಯನ್ನ ಬೆಳಕಿಗೆ ಹಿಡಿದೆ. ಸೂಜಿಮೊನೆಯಷ್ಟು ಬೆಳಕು ಕಂಡಿತು. ತಂತಿ ಆಡಿಸಿದ್ರೆ ಕಪ್ಪನೆ ಪುಡಿ ಉದುರಿತು. ಗ್ಯಾಸ್ಕೆಟ್ ಮಡಿಸಿದ ತಕ್ಷಣ ಬಿರುಕು.

ಅಂದ್ರೆ ಇಷ್ಟು ದಿನ ಪಕ್ಕದಿಂದ ಆವಿ ಹೋಗ್ತಿತ್ತಲ್ಲ, ಅದೊಂದೇ ದಾರಿ ಇದ್ದದ್ದಾ? ನಾನು ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿಸಿದ್ರೆ?

ಹೆಂಡತಿಗೆ ತೋರಿಸಿದೆ. ಇನ್ನು ಮೇಲೆ ಬಾಗಿಲ ಆಚೆ ನಿಂತದ್ದಕ್ಕೆ ನಗಲ್ಲ ಅಂದ್ಲು. ಈಗ ಇದನ್ನ ಎಸೀಬೇಕಾ, ಉಳಿಸಬಹುದಾ?

ಚಾಕ್‌ಪೀಸು

ಹೌದು, ಹೆಚ್ಚುಕಮ್ಮಿ ಅದೊಂದೇ. ಸೂಜಿಮೊನೆಯ ಕಿಂಡಿ ಯಾವತ್ತು ಬೇಕಾದರೂ ಪೂರ್ತಿ ಮುಚ್ಚಬಹುದಿತ್ತು. ಹೊಸ ಗ್ಯಾಸ್ಕೆಟ್ ಹಾಕಿದ್ದರೆ ಪಕ್ಕದ ಸೋರಿಕೆಯೂ ನಿಲ್ಲುತ್ತಿತ್ತು. ಮಾಮ ಗ್ಯಾಸ್ಕೆಟ್ ಹಾಕದೆ ವಾಪಸ್ ಕಳಿಸುತ್ತಿದ್ದರಲ್ಲ, ಅದರ ಕಾರಣ ಇದು.

ರಿಪೇರಿ ಮಾಮ

ಸರ್ ಹೇಳಿದ್ದು ಸರಿ. ಅದಕ್ಕೇ ಮೊದಲೇ ಒಲೆ ಮೇಲಿಡಬೇಡಿ ಅಂದದ್ದು.

ಉಳಿಸಬಹುದಾ ಅನ್ನೋದು ಆ ತೂತಿನ ಮೇಲೆ ನಿಂತಿದೆ. ಬೋಲ್ಟ್ ಬಿಚ್ಚಿಸಿ. ತೂತು ಮೂಲದ ಅಳತೆಯಲ್ಲೇ ಇದ್ದು, ಒಳಗಿನ ತಿರುಪಿನ ಗೆರೆ ಕೆಟ್ಟಿಲ್ಲಾಂದ್ರೆ ಆ ಕುಕ್ಕರ್ ಮಾಡಿದವರದೇ ಸೇಫ್ಟಿ ವಾಲ್ವ್ ಹಾಕಿಸಬಹುದು. ಬೋಲ್ಟ್ ಕೂರಿಸೋಕೆ ತೂತು ಕೊರೆದು ದೊಡ್ಡದು ಮಾಡಿದ್ರೆ ಮುಚ್ಚಳವೇ ಹೊಸದು ಬೇಕು. ಅದು ಸಿಗದಿದ್ರೆ ಆ ಪಾತ್ರೆಯನ್ನ ಮುಚ್ಚಳ ಇಲ್ಲದೆ ಬರೀ ಪಾತ್ರೆಯಾಗಿ ಬಳಸಿ, ಕುಕ್ಕರ್ ಬೇರೆ ತಗೊಳ್ಳಿ.

ಅದಕ್ಕೂ ಮುಂಚೆ ಪಾತ್ರೆಯ ತಳವನ್ನ ಸಮನಾದ ಕಲ್ಲಿನ ಮೇಲಿಟ್ಟು ನೋಡಿ. ಬುಗುರಿಯ ಹಾಗೆ ತಿರುಗಿದ್ರೆ ತಳ ಉಬ್ಬಿದೆ, ಅದಕ್ಕೆ ದುಡ್ಡು ಹಾಕಬೇಡಿ. ಅಂಚಿನ ಹಲ್ಲು ಸವೆದಿದ್ರೂ ಅಷ್ಟೇ. ಒಳಗೆ ಅಲ್ಯೂಮಿನಿಯಂ ಚುಕ್ಕೆ ಚುಕ್ಕೆಯಾಗಿ ಆಳಕ್ಕೆ ತಿಂದಿದ್ರೂ ಬೇಡ. ಬರೀ ಕಪ್ಪಾಗಿದ್ರೆ ಚಿಂತೆಯಿಲ್ಲ.

ಎಲ್ಲ ಸರಿಯಾಗಿ ಹೊಸ ವಾಲ್ವು, ಗ್ಯಾಸ್ಕೆಟ್ಟು, ಅದರದ್ದೇ ವೆಯ್ಟು ಬಂತು ಅನ್ನಿ. ಮೊದಲ ಸಲ ಬೇಳೆ ಹಾಕಬೇಡಿ. ಬರೀ ಒಂದು ಲೀಟರ್ ನೀರು ಹಾಕಿ ಇಡಿ. ನಳಿಗೆಯಿಂದ ಆವಿ ನೇರವಾಗಿ ಬಂದ ಮೇಲೆ ವೆಯ್ಟ್ ಹಾಕಿ. ಕೆಲವೇ ನಿಮಿಷದಲ್ಲಿ ವೆಯ್ಟ್ ಏಳಬೇಕು, ಅಂಚಿನ ಆವಿ ನಿಂತಿರಬೇಕು, ವಾಲ್ವಿನ ಸುತ್ತ ಹನಿ ಕಾಣಬಾರದು. ಉರಿ ಸಣ್ಣ ಮಾಡಿದ್ರೆ ಕೂಗು ನಿಧಾನ ಆಗಬೇಕು. ಆರಿಸಿ, ಕಾದು, ವೆಯ್ಟ್ ಎತ್ತಿ, ತೆಗೀರಿ. ಇಷ್ಟು ಆದ್ರೆ ಮಾರನೇ ದಿನದಿಂದ ಬೇಳೆ ಇಡಿ.

ತೊಳೆದ ಮೇಲೆ ಗ್ಯಾಸ್ಕೆಟ್ ತೆಗೆದು ಒಣಗಿಸಿ, ಮುಚ್ಚಳವನ್ನ ಪಾತ್ರೆ ಮೇಲೆ ತಿರುವಿ ಹಾಕಿಡಿ, ಬಿಗಿದು ಮುಚ್ಚಿಡಬೇಡಿ. ಗ್ಯಾಸ್ಕೆಟ್ ಗಟ್ಟಿಯಾಗೋ ತನಕ ಕಾಯದೆ ವರ್ಷಕ್ಕೊಮ್ಮೆ ಬದಲಾಯಿಸಿ.

ಆ ಬೋಲ್ಟನ್ನ ಬಿಚ್ಚಿದ ಕೂಡಲೇ ಎಸೆದುಬಿಡಿ. ಸಾಮಾನಿನ ಡಬ್ಬೀಲಿ ಇಟ್ಕೊಂಡ್ರೆ ಒಂದಿನ ನಿಮ್ಮ ಭಾವ ಹುಡುಕಿ ತೆಗೆದು ಮತ್ತೆ ಹಾಕ್ತಾರೆ.